ನವಿಲುಕತ್ತಿನ ಮುಸುಕು

ಚಿಕ್ಕಂದಿನಲ್ಲಿ ನಾನು ಹುಚ್ಚು ಹಿಡಿದಂತೆ ಓದುತ್ತಿದ್ದ ಚಿತ್ರಕತೆಗಳ ಮುಸುಕಿನ ಪತ್ತೇದಾರನನ್ನು ಹೊಸ ಕಾಮಿಕ್ಸಿನಲ್ಲಿ ಮತ್ತೆ ಎಬ್ಬಿಸುವ ಕೆಲಸ ನನಗೇ ಬಂತು. ಅವನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಳ್ಳನನ್ನು ಬೆನ್ನಟ್ಟುವಂತೆ ಕತೆ ಬರೆದುಕೊಟ್ಟೆ. ಚಿತ್ರಕಾರ ಫೋನ್ ಮಾಡಿ, "ಸಾರ್, ಮುಸುಕು ಯಾವ ಬಣ್ಣ?" ಎಂದ.

"ನವಿಲುಕತ್ತಿನದು" ಎಂದೆ, ಯೋಚಿಸದೆ.

"ಅಂದ್ರೆ ನೀಲಿನಾ, ಹಸಿರಾ?"

ನವಿಲುಕತ್ತಿನ ಸೀರೆಗೆ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಹಸಿರು. ಹೀಗೆ ನೋಡಿದರೆ ಒಂದು, ಹಾಗೆ ನೋಡಿದರೆ ಇನ್ನೊಂದು. ನೇಕಾರರ ಊರಾದ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಬಿಡಿಸಿ ಹೇಳಿದರೂ ತಲೆಗೆ ಹತ್ತಲಿಲ್ಲ. ಸಿಟ್ಟಿನಲ್ಲಿ ಫೋನಿಟ್ಟು, ಸಾಕ್ಷಿಗೆಂದು ಊರಿನಲ್ಲಿರುವ ಅಕ್ಕನ ಮನೆಗೆ ಹೋದೆ. ಆ ಪುಸ್ತಕಗಳನ್ನು ನಾವಿಬ್ಬರೂ ಕಿತ್ತಾಡಿಕೊಂಡೇ ಓದಿದವರು.

ಅಕ್ಕ ಪವರ್‌ಲೂಮಿನ ಸದ್ದನ್ನೂ ಮೀರಿ ನಕ್ಕಳು. "ಅದ್ರಲ್ಲಿ ಬಣ್ಣ ಎಲ್ಲಿತ್ತೋ? ಬರೀ ಕಪ್ಪು ಬಿಳುಪು."

"ಇಲ್ಲಕ್ಕ, ನಂಗೆ ಕಣ್ಣಿಗೆ ಕಟ್ಟಿದಂಗಿದೆ."

"ಕಣ್ಣಿಗೆ ಕಟ್ಕೊಂಡಿದ್ದು ನಾನು ಕಣೋ! ಮಗ್ಗದಲ್ಲಿ ಉಳಿದಿದ್ದ ನವಿಲುಕತ್ತಿನ ಸೀರೆ ತುಂಡಿಗೆ ಎರಡು ತೂತು ಮಾಡಿ. ಆಟದಲ್ಲಿ ನಾನೇ ಪತ್ತೇದಾರ. ನೀನು ಯಾವಾಗ್ಲೂ ಕಳ್ಳ."

ಹಾಗಾದರೆ ಆ ಗತ್ತಿನ ನಡಿಗೆ? ಮೂಲೆಯಲ್ಲಿ ಅವಿತವನನ್ನು ಕೊರಳಪಟ್ಟಿ ಹಿಡಿದು ಎಳೆಯುವ ಆ ಕೈ? ನಾನು ಪುಟಗಟ್ಟಲೆ ಬರೆದುಕೊಟ್ಟದ್ದರಲ್ಲಿ ಪುಸ್ತಕದ್ದೆಷ್ಟು, ಅಕ್ಕನದೆಷ್ಟು?

ವಾಪಸ್ ಬಸ್ ಹತ್ತುವಾಗ ಚಿತ್ರಕಾರನ ಫೋನು. "ಏನ್ ಸಾರ್, ನೀಲಿನಾ, ಹಸಿರಾ?"

ನನಗೋ, ಮುಸುಕಿನೊಳಗಿರುವುದು ಗಂಡೋ ಹೆಣ್ಣೋ ಎಂಬುದೇ ಈಗ ಇತ್ಯರ್ಥವಾಗಬೇಕಿತ್ತು.