ಒಂದೂವರೆ ಗೇಣಿನ ದೂರ

ಮನೋರಮಾ ಕರಿಮಣಿ ಪೋಣಿಸುವುದನ್ನು ಮೊದಲ ಸಲ ನೋಡಿದವರು ಅವಳು ಮಣಿಯ ವಾಸನೆ ನೋಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ದಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಮಣಿ ಮತ್ತು ದಾರ ಎರಡನ್ನೂ ಮೂಗಿನ ತುದಿಗೇ ತಂದು, ಉಸಿರು ಬಿಗಿಹಿಡಿದು ಒಂದೊಂದೇ ಏರಿಸುತ್ತಿದ್ದಳು. ಆಗ ಯಾರೂ ಮಾತಾಡಿಸುವಂತಿರಲಿಲ್ಲ. "ಉಸಿರು ಬಿಟ್ಟರೆ ಮಣಿ ಹಾರಿಹೋಗತ್ತೆ ಸೀತಕ್ಕ" ಎಂದು ಆಮೇಲೆ ನನ್ನ ಹತ್ತಿರ ನಗುತ್ತಿದ್ದಳು.

ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಅವಳ ಮನೆ ನಮ್ಮ ಎದುರು ಬಾಗಿಲು. ಗಂಡ ಅನಂತಮೂರ್ತಿ ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು. ಮಗಳು ಪ್ರಕೃತಿ ಇಲ್ಲೇ ಹುಟ್ಟಿ ಬೆಳೆದು ಗುಡಗಾಂವ್‌ನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ದೆಹಲಿಯ ಅಂಗಡಿಯವರು ತಮ್ಮ ಕಡೆಯ ಮಂಗಳಸೂತ್ರವನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ನಮ್ಮೂರ ಕಡೆಯ ಎರಡೆಳೆ ಕರಿಮಣಿ, ನಡುನಡುವೆ ಹವಳ, ಎರಡು ತಾಳಿ ಎಂದರೆ ಅವರಿಗೆ ಹೇಳಿ ಪೂರೈಸುವುದಿಲ್ಲ. ಹಾಗಾಗಿ ಸರ ಹರಿದವರೆಲ್ಲ ಮನೋರಮಾಳ ಮನೆಗೇ ಬರುವುದು. ಕೊರಳು ಬರಿದಾಗಬಾರದೆಂದು ಅರಿಸಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ, ಪೋಣಿಸಿ ಮುಗಿಯುವತನಕ ಕೂತಿದ್ದು ಹೊಸ ಸರ ಹಾಕಿಕೊಂಡೇ ಹೋಗುತ್ತಾರೆ. ಇದಕ್ಕೆ ಕೂಲಿ ಎನ್ನುವ ಮಾತಿಲ್ಲ. ಕರಿಮಣಿಗೆ ಕೂಲಿ ತೆಗೆದುಕೊಂಡರೆ ಅದು ವ್ಯಾಪಾರವಾಯಿತು, ಮುತ್ತೈದೆತನಕ್ಕೆ ವ್ಯಾಪಾರವೇ ಎಂದು ಅವಳ ಅತ್ತೆ ಹೇಳಿಕೊಟ್ಟದ್ದು. ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಕೊಟ್ಟರೆ ತೆಗೆದುಕೊಳ್ಳುವಳು, ಅಷ್ಟೆ.

ದೂರದ್ದು ಮಾತ್ರ ಅವಳಿಗೆ ಹುಟ್ಟಿದಾರಭ್ಯ ಕಷ್ಟ. ಬಸ್ಸಿನ ನಂಬರು ಯಾವತ್ತೂ ಕಂಡದ್ದಿಲ್ಲ, ಕಂಡಕ್ಟರ್ ಕೂಗಿದ್ದೇ ನಂಬರು. ವರ್ಷ ಕಳೆದ ಹಾಗೆ ಗಾಜು ದಪ್ಪವಾಗುತ್ತಾ ಬಂತು, ಅದರ ಭಾರಕ್ಕೆ ಮೂಗಿನ ಎರಡೂ ಕಡೆ ಹುಣ್ಣು. ಗಾಜಿನ ಅಂಚಿನಲ್ಲಿ ಮೆಟ್ಟಿಲು ಡೊಂಕಾಗಿ ಕಂಡು ಒಂದು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಬಿದ್ದೇಬಿಟ್ಟಳು. "ಬಸ್, ಬಹುತ್ ಹೋಗಯಾ, ಇನ್ನು ಸಾಕು" ಎಂದ ಪ್ರಕೃತಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟಳು. ಜೊತೆಗೆ ನಾನು.

ಡಾಕ್ಟರ್ ಚಡ್ಡಾ ಎಂಬ ಹೆಂಗಸು, ತಾಳ್ಮೆಯವರು. ಅವರ ಹಿಂದಿ ನಮಗೆ ಅರ್ಥವಾಗುವ ಹಾಗೆ ನಿಧಾನವಾಗಿತ್ತು. ಪ್ರಕೃತಿ ಕೂತದ್ದೇ ಲೇಸರ್ ಮಾಡಿಸಬಹುದೇ ಎಂದು ಕೇಳಿದಳು.

"ಚಶ್ಮಾದ ನಂಬರ್ ಇಷ್ಟಿದ್ದರೆ ಆಗಲ್ಲ ಬೇಟಾ. ಲೇಸರ್‌ನಲ್ಲಿ ಕಣ್ಣಿನ ಮುಂದಿನ ಪರದೆಯನ್ನೇ ಸವೆಸಬೇಕು. ಇವರಿಗೆ ಸವೆಸ್ತಾ ಹೋದರೆ ಪರದೆಯೇ ಉಳಿಯಲ್ಲ. ಇನ್ನೊಂದು ದಾರಿ ಇದೆ. ಕಣ್ಣೊಳಗೆ ಹುಟ್ಟಿನಿಂದ ಇರೋ ಲೆನ್ಸ್ ತೆಗೆದು, ಅಳತೆ ಮಾಡಿ ಹೊಸದನ್ನು ಕೂರಿಸೋದು."

"ಅದು ಪೊರೆ ಬಂದವರಿಗೆ ಮಾಡೋದಲ್ವಾ? ನನಗೆ ಪೊರೆ ಇಲ್ಲವಲ್ಲ" ಎಂದಳು ಮನೋರಮಾ. ಪ್ರಕೃತಿ ಅದನ್ನು ಹಿಂದಿಯಲ್ಲಿ ಹೇಳಿದಳು.

"ಆಪರೇಷನ್ ಅದೇ. ಅವರಿಗೆ ಮಂಜಾದದ್ದನ್ನು ತೆಗೀತೀವಿ, ನಿಮಗೆ ತಿಳಿಯಾಗಿರೋದನ್ನೇ ತೆಗೀಬೇಕು. ಒಮ್ಮೆ ತೆಗೆದರೆ ವಾಪಸ್ ಇಡೋಕಾಗಲ್ಲ, ಅದಕ್ಕೇ ಯೋಚಿಸಿ ಅನ್ನೋದು. ನಿಮ್ಮಂಥ ಕಣ್ಣಲ್ಲಿ ಹಿಂದಿನ ಪರದೆ ತೆಳ್ಳಗಿರತ್ತೆ, ಮೊದಲು ಅದನ್ನ ಪರೀಕ್ಷೆ ಮಾಡ್ತೀನಿ. ಆಮೇಲೂ ಕಣ್ಣಲ್ಲಿ ಮಿಂಚು ಹೊಡೆದ ಹಾಗೆ, ಕಪ್ಪು ನೊಣ ಹಾರಿದ ಹಾಗೆ ಕಂಡರೆ ಅದೇ ದಿನ ಓಡಿ ಬರಬೇಕು."

ಹೊಸ ಲೆನ್ಸಿನಲ್ಲಿ ಒಂದೇ ದೂರ ಸ್ಪಷ್ಟವಾಗಿ ಕಾಣುತ್ತದೆ, ಉಳಿದದ್ದಕ್ಕೆ ತೆಳು ಕನ್ನಡಕ ಬೇಕು ಎಂದೂ ಹೇಳಿದರು. ಎರಡು ಕಡೆಗೂ ಆಗುವ ಲೆನ್ಸ್ ಬಂದಿದೆಯಂತೆ, ಆದರೆ ದೀಪದ ಸುತ್ತ ಬಳೆ ಬಳೆ ಕಾಣಬಹುದಂತೆ, ಇವಳ ಕಣ್ಣಿಗೆ ಅದು ಬೇಡ ಎಂದರು. ಕೊನೆಗೆ ಕೇಳಿದರು, "ನೀವೇನು ಕೆಲಸ ಮಾಡ್ತೀರಿ?"

"ಏನೂ ಇಲ್ಲ. ಮನೇಲೇ ಇರೋದು."

"ಹೊಲಿಗೆ, ಕಸೂತಿ?"

"ಏನೂ ಇಲ್ಲ."

"ಹಾಗಾದರೆ ದೂರಕ್ಕೇ ಇಡೋಣ" ಎಂದು ಡಾಕ್ಟರ್ ಬರೆದುಕೊಂಡರು. ಪ್ರಕೃತಿಗೆ ಖುಷಿಯೋ ಖುಷಿ. ಕಣ್ಣಿನ ಅಳತೆ ತೆಗೆಯುವ ಯಂತ್ರದ ಕೋಣೆಯ ಮುಂದೆ ನಮ್ಮನ್ನು ಕೂರಿಸಿದರು.

ಪಕ್ಕದಲ್ಲಿ ಒಬ್ಬ ಸರ್ದಾರ್ಜಿ. ಅವರಿಗೆ ಎರಡೂ ಕಣ್ಣಿನ ಲೆನ್ಸ್ ಬದಲಾಗಿ ತಿಂಗಳುಗಳಾಗಿತ್ತು. "ಮೊದಲು ನಂದೂ ಸೋಡಾ ಬಾಟಲಿಯ ತಳದಂಥ ಚಶ್ಮಾ. ಈಗ ಬಸ್ಸು ತಿರುವಿನಲ್ಲಿರುವಾಗಲೇ ನಂಬರ್ ಓದ್ತೀನಿ" ಎಂದು ಮೀಸೆ ತಿರುವಿದರು. ಆಮೇಲೆ ತಮ್ಮ ಬೆರಳುಗಳನ್ನೇ ನೋಡಿಕೊಂಡು, "ಉಗುರು ಕತ್ತರಿಸೋಕೆ ಮಾತ್ರ ಚಶ್ಮಾ ಬೇಕು. ಮುಂಚೆ ಚಶ್ಮಾ ತೆಗೆದು ಮೂಗಿನ ಹತ್ತಿರ ತಂದರೆ ಇರುವೆಯ ಕಾಲೂ ಕಾಣ್ತಿತ್ತು. ಅದು ಹೋಯ್ತು ಬೆಹನ್‌ಜಿ" ಎಂದರು.

ಮನೋರಮಾ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

"ಮನೋರಮಾ, ನೀನು ಕರಿಮಣಿ ಪೋಣಿಸೋದು ಕನ್ನಡಕ ತೆಗೆದು ಅಲ್ವೇನೇ?"

ಅವಳ ನಗು ನಿಂತಿತು. ಕೈ ತಾನಾಗಿಯೇ ಕೊರಳ ಸರಕ್ಕೆ ಹೋಯಿತು.

"ಡಾಕ್ಟರ್ ಕೇಳಿದರಲ್ಲ ಅಮ್ಮ, ಹೇಳಬಾರದಿತ್ತಾ?" ಎಂದಳು ಪ್ರಕೃತಿ.

"ಕೆಲಸ ಏನು ಅಂತ ಕೇಳಿದರು. ಅದು ಕೆಲಸ ಹೇಗಾಗತ್ತೆ? ಅದನ್ನ ಕೆಲಸ ಅಂತ ಹೇಳೋದುಂಟಾ?" ಎಂದಳು ಮನೋರಮಾ. ಅವಳ ದನಿ ಸಣ್ಣದಾಗಿತ್ತು. "ಸೀತಕ್ಕ, ಅದು ಹೋಗೋದಾದರೆ ನನಗೆ ಆಪರೇಷನ್ನೇ ಬೇಡ. ಬಸ್ಸಿನ ನಂಬರ್ ಯಾರಾದ್ರೂ ಹೇಳ್ತಾರೆ. ಮಣಿ ಯಾರು ಪೋಣಿಸಿಕೊಡ್ತಾರೆ?"

"ಎದ್ದು ಹೋಗೋದು ಇದ್ದೇ ಇದೆ. ಮೊದಲು ಒಳಗೆ ಹೋಗಿ ಹೇಳೋಣ" ಎಂದು ಅವಳ ಕೈ ಹಿಡಿದು ಕರೆದುಕೊಂಡು ಹೋದೆ.

ಡಾಕ್ಟರ್ ಬೇಸರಪಡಲಿಲ್ಲ. ಹೇಗೆ ಪೋಣಿಸುತ್ತೀರಿ, ತೋರಿಸಿ ಎಂದರು. ಮನೋರಮಾ ಕನ್ನಡಕ ತೆಗೆದು ತನ್ನ ಸರವನ್ನೇ ಮೂಗಿನವರೆಗೆ ಎತ್ತಿ ತೋರಿಸಿದಳು. "ಅಚ್ಛಾ, ಒಳ್ಳೇದಾಯ್ತು ಈಗಲೇ ಬಂದಿದ್ದು" ಎಂದರು ಅವರು. "ನಿಜ ಹೇಳ್ತೀನಿ. ಮೂಗಿನ ತುದಿಯ ಈ ನೋಟ ಯಾವ ಲೆನ್ಸ್ ಹಾಕಿದರೂ ಉಳಿಯಲ್ಲ. ಆದರೆ ಹೊಸ ಲೆನ್ಸನ್ನು ಹತ್ತಿರಕ್ಕೇ ಇಡಬಹುದು. ಆಗ ಬಸ್ಸು, ಟೀವಿ ನೋಡೋಕೆ ತೆಳು ಚಶ್ಮಾ. ಇಲ್ಲ, ದೂರಕ್ಕಿಟ್ಟು ಮಣಿಗೆ ಚಶ್ಮಾ ಹಾಕಿಕೊಳ್ಳಿ. ಯಾವುದನ್ನು ಬರಿಗಣ್ಣಲ್ಲಿ ನೋಡಬೇಕು, ನೀವೇ ಹೇಳಿ."

ಲೆನ್ಸನ್ನು ಹತ್ತಿರಕ್ಕಿಟ್ಟರೆ ಹೇಗೆ ಕಾಣುತ್ತದೆಂದು ತೋರಿಸಲು ಅಳತೆಯ ಚೌಕಟ್ಟನ್ನು ಅವಳ ಕಣ್ಣಿಗಿಟ್ಟು ಗಾಜು ಬದಲಿಸುತ್ತಾ ಹೋದರು. ಅಭ್ಯಾಸಬಲದಿಂದ ಮನೋರಮಾ ಸರವನ್ನು ಮೂಗಿಗೆ ತಂದಳು. "ಮಸುಕು" ಎಂದು ಮುಖ ಬಾಡಿಸಿದಳು. ಡಾಕ್ಟರ್ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ದೂರ ಸರಿಸಿದರು. ಒಂದೂವರೆ ಗೇಣಿನಷ್ಟು ದೂರಕ್ಕೆ ಬಂದಾಗ ಮನೋರಮಾ ತಾನೇ ಕೈ ನಿಲ್ಲಿಸಿದಳು.

"ಮಣಿ ಸಣ್ಣದಾಗಿ ಕಾಣತ್ತೆ" ಎಂದಳು. ಸರವನ್ನು ಬೆರಳಲ್ಲಿ ಹೊರಳಿಸಿ, "ಗಂಟು ಕಾಣತ್ತೆ. ಹವಳದ ಪಕ್ಕ ದಾರ ಸವೆದಿದೆ ಸೀತಕ್ಕ."

"ಫಿರ್ ಭೀ, ಇಷ್ಟಾದರೂ ಹೊರಗೆ ಚಶ್ಮಾ ಹಾಕೋಬೇಕಲ್ಲ ಅಮ್ಮ" ಎಂದಳು ಪ್ರಕೃತಿ, ಅರೆಮನಸ್ಸಿನಲ್ಲಿ.

"ಹುಟ್ಟಿದಾಗಿಂದ ಹಾಕಿದೀನಿ. ಹೊರಗೆ ಹೋಗುವಾಗ ಒಂದು ತೆಳ್ಳಂದು ನನಗೇನು ಭಾರ? ಮಣಿ ಹಿಡಿಯೋವಾಗ ನಡುವೆ ಗಾಜು ಬೇಡ" ಎಂದಳು ಮನೋರಮಾ. ಅಲ್ಲಿಗೆ ತೀರ್ಮಾನವಾಯಿತು.

ಒಂದು ಕಣ್ಣು ಮೊದಲು, ಅದು ಮಾಗಿದ ಮೇಲೆ ಇನ್ನೊಂದು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟರಂತೆ, ಬೆಳ್ಳಗೆ ಬೆಳಕು ಕಂಡಿತಂತೆ, ನೀರು ಹರಿದಂತಾಯಿತಂತೆ, ಅಷ್ಟರಲ್ಲಿ ಆಯಿತು ಏಳಿ ಅಂದರಂತೆ. ಕಷ್ಟವಾದದ್ದು ಎರಡರ ನಡುವಿನ ದಿನಗಳು. ಒಂದು ಕಣ್ಣು ಹೊಸದು, ಇನ್ನೊಂದಕ್ಕೆ ಹಳೇ ದಪ್ಪ ಗಾಜು. ಎರಡೂ ಸೇರದೆ ತಲೆಸುತ್ತು. ಅನಂತಮೂರ್ತಿಯವರು ಹೊತ್ತುಹೊತ್ತಿಗೆ ಹನಿ ಬಿಡುತ್ತಾ, ಸಾರು ಸೌಟಿಗೆ ಅಂಟುವಷ್ಟು ಗಟ್ಟಿಯಾಗಿ ಏನೋ ಬೇಯಿಸಿಡುತ್ತಿದ್ದರು. ಎರಡನೆಯದೂ ಆಗಿ, ಹಿಂದಿನ ಪರದೆ ಗಟ್ಟಿಯಾಗಿದೆ ಎಂದು ಡಾಕ್ಟರ್ ಹೇಳಿದ ದಿನ ನಾನೂ ನೆಮ್ಮದಿಯಾಗಿ ಊಟ ಮಾಡಿದೆ.

ಅದಾದ ಮೇಲೆ ಸರ ಪೋಣಿಸಿಕೊಳ್ಳಲು ಮೊದಲು ಬಂದವಳು ಇಂದಿರಾಪುರಂನ ಸಂಯುಕ್ತಾ. ಮಗು ಎಳೆದು ಸರ ಹರಿದಿತ್ತು. ಕೊರಳಲ್ಲಿ ಅರಿಸಿನದ ಕೊಂಬು, ಕೈಯ ಡಬ್ಬಿಯಲ್ಲಿ ಉದುರಿದ ಮಣಿ. ಮನೋರಮಾ ಕಿಟಕಿಯ ಹತ್ತಿರ ಕೂತು ಹೊಸ ತೆಳು ಕನ್ನಡಕ ತೆಗೆದಿಟ್ಟಳು. ಮಣಿಯನ್ನು ಮೂಗಿಗೆ ತಂದಳು, ನಾಲಗೆ ಲೊಚಗುಟ್ಟಿ ಕೈಯನ್ನು ದೂರ ಸರಿಸಿದಳು. ಮೊದಲ ಮಣಿ ಜಾರಿತು, ಎರಡನೆಯದು ಜಾರಿತು. ನಾನು ಸೆರಗಿನ ತುದಿ ಹಿಂಡುತ್ತಾ ಕೂತಿದ್ದೆ. ಮೂರನೆಯದು ಏರಿತು. ಆಮೇಲೆ ಒಂದರ ಹಿಂದೊಂದು.

ಅರ್ಧ ಎಳೆ ಆಗುವಷ್ಟರಲ್ಲಿ ನನಗೆ ಏನೋ ಬದಲಾಗಿದೆ ಅನಿಸಿತು. ಮನೋರಮಾ ಮಾತಾಡುತ್ತಿದ್ದಳು. ಮಗುವಿಗೆ ಹಲ್ಲು ಬಂತಾ, ನಿಮ್ಮ ಕಡೆ ನೀರು ಎಷ್ಟು ಹೊತ್ತು ಬರತ್ತೆ, ಅತ್ತೆ ಊರಿಂದ ಯಾವಾಗ ಬರ್ತಾರೆ ಎಂದು ಬೆರಳು ನಿಲ್ಲಿಸದೆ ಕೇಳುತ್ತಿದ್ದಳು. ಅಷ್ಟು ದೂರದಲ್ಲಿ ಹಿಡಿದ ಮಣಿಗೆ ಅವಳ ಉಸಿರು ತಾಗುತ್ತಲೇ ಇರಲಿಲ್ಲ.

ಒಳಗಿನಿಂದ ಕಾಫಿ ತಂದ ಅನಂತಮೂರ್ತಿಯವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ನೋಡಿ ಸೀತಮ್ಮನವರೇ, ಮಣಿ ಪೋಣಿಸೋವಾಗಲಾದ್ರೂ ಈ ಮನೇಲಿ ಒಂದಿಷ್ಟು ನಿಶ್ಶಬ್ದ ಇರ್ತಿತ್ತು. ಆ ಡಾಕ್ಟರ್ ಅದನ್ನೂ ತೆಗೆದುಬಿಟ್ಟರು" ಎಂದರು.