ಅಫ್ಸರ್ ಬೇಗಂ ಕಳಿಸಿದ ಹ್ಯಾಪಿ ದೀಪಾವಳಿ

ಶಿಕಾರಿಪುರದಲ್ಲಿ ರವಿಕೆ ಹೊಲಿಯುವ ಅಫ್ಸರ್ ಬೇಗಂಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಹಬ್ಬ ಬಂತೋ, ಆಕೆಯ ಮೊಬೈಲಿನಿಂದ ಹೊರಡುವ ಇಂಗ್ಲಿಷು ನೋಡಿದವರು ಈಕೆ ಕಾನ್ವೆಂಟಿನಲ್ಲೇ ಓದಿರಬೇಕು ಅನ್ನಬೇಕು. ಎಲ್ಲ ಮಗಳು ಸಬಿಹಾ ಹೇಳಿಕೊಟ್ಟಿದ್ದು. ಯುಗಾದಿಗೆ ಹ್ಯಾಪಿ, ಗಣಪತಿಗೆ ಹ್ಯಾಪಿ, ಹೊಸ ವರ್ಷಕ್ಕೂ ಹ್ಯಾಪಿ. ಕ್ರಿಸ್‌ಮಸ್ಸಿಗೆ ಮಾತ್ರ ಮೆರಿ. ಅದ್ಯಾಕೆ ಅದೊಂದಕ್ಕೆ ಬೇರೆ ಅಂತ ಕೇಳಿದರೆ ಮಗಳಿಗೂ ಗೊತ್ತಿಲ್ಲ. "ಈ ಹ್ಯಾಪಿ ಅನ್ನೋದು ನೈಟಿ ಇದ್ದಂಗೆ ನೋಡ್ರಿ. ಅಳತೆ ಬೇಕಾಗಿಲ್ಲ, ಯಾರಿಗೆ ಹಾಕಿದ್ರೂ ಆಗುತ್ತೆ," ಅಂತ ಗಿರಾಕಿಗಳ ಮುಂದೆ ಜಂಬ ಬೇರೆ. ಆ ಜಂಬ ಈ ದೀಪಾವಳಿಗೆ ಇಳಿಯಿತು.

ಉಳವಿಗೆ ಮದುವೆಯಾಗಿ ಹೋದ ವರದಮ್ಮ ಆಕೆಯ ಚಿಕ್ಕಂದಿನ ಗೆಳತಿ. ಇಬ್ಬರೂ ಶಿಕಾರಿಪುರದ ಒಂದೇ ಬೀದಿಯಲ್ಲಿ ಬೆಳೆದವರು. ಮುಂಗಾರು ಶುರುವಾದಾಗ ವರದಮ್ಮನ ಗಂಡ ಎದೆನೋವು ಅಂತ ಮಲಗಿದವರು ಏಳಲೇ ಇಲ್ಲ. ಅಫ್ಸರ್ ಬೇಗಂ ಹೋಗಿ ಅತ್ತು ಬಂದಳು. ಬಂದು ತಮ್ಮವರ ಲೆಕ್ಕ ಹಾಕಿದಳು: ಗಂಡ ಸತ್ತ ಹೆಂಗಸು ಇದ್ದತ್ ಕೂರುತ್ತಾಳೆ, ನಾಲ್ಕು ತಿಂಗಳ ಮೇಲೊಂದಿಷ್ಟು ದಿನ ಹೊಸಿಲು ದಾಟುವುದಿಲ್ಲ, ಆಮೇಲೆ ಹೊರಗೆ ಬಂದು ಬದುಕಬೇಕು. ದೀಪಾವಳಿ ಹೊತ್ತಿಗೆ ಅದು ಮುಗಿದಿತ್ತಲ್ಲ, ಗೆಳತಿಗೆ ಖುಷಿಯಾಗಲಿ, ಬರೀ ಹ್ಯಾಪಿ ಸಾಲದು ಅಂತ ಮಗಳ ಕೈಲಿ ಉದ್ದದ್ದೇ ಬರೆಸಿದಳು: ‘ವಿಶಿಂಗ್ ಯೂ ಅಂಡ್ ಯುವರ್ ಫ್ಯಾಮಿಲಿ ಎ ವೆರಿ ಹ್ಯಾಪಿ ಅಂಡ್ ಪ್ರಾಸ್ಪರಸ್ ದೀಪಾವಳಿ.’ ಜೊತೆಗೆ ಪಟಾಕಿ, ದೀಪ, ಕುಣಿಯುವ ಹುಡುಗಿ. ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ.

ಮಾರನೇ ದಿನ ರವಿಕೆ ಒಯ್ಯಲು ಬಂದ ಮೇಘನಾ ಈ ಸುದ್ದಿ ಕೇಳಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ, ಸಾವಾದ ಮನೇಲಿ ವರ್ಷ ತುಂಬೋವರೆಗೂ ಹಬ್ಬ ಮಾಡಲ್ಲರೀ! ಯಾರೂ ವಿಶ್ ಮಾಡಲ್ಲ. ನೀವು ನೋಡಿದ್ರೆ ಪಟಾಕಿ ಕಳಿಸಿದೀರಲ್ಲ!"

"ಯಾ ಅಲ್ಲಾ!" ಅಫ್ಸರ್ ಬೇಗಂ ಹಣೆ ಚಚ್ಚಿಕೊಂಡಳು. "ಇಷ್ಟು ವರ್ಷ ಅವರ ಬೀದೀಲಿದ್ದೂ ಗೊತ್ತಾಗದ ಕತ್ತೆ ನಾನು! ಹಬ್ಬಕ್ಕೆ ಅವರ ಮನೆಯಿಂದ ಹೋಳಿಗೆ ಬಂದಾಗ ತಿಂದೆ. ಬರದೇ ಇದ್ದ ವರ್ಷ ಯಾಕೆ ಬರಲಿಲ್ಲ ಅಂತ ಒಂದು ದಿನ ಕೇಳಿದ್ನಾ?" ಮೆಸೇಜು ಅಳಿಸಲು ಹೋದರೆ ಹೆಬ್ಬೆರಳು ತಾಗಿ ಇನ್ನೊಂದು ಪಟಾಕಿ ಹೋಯಿತು. ಮೆಷಿನ್ನಿಗೆ ಬಟ್ಟೆ ಮುಚ್ಚಿ ನೇರ ಬಸ್ ಸ್ಟ್ಯಾಂಡಿಗೆ ನಡೆದಳು.

ಸೊರಬದಲ್ಲಿ ಬಸ್ಸು ಬದಲಿಸಿ ಉಳವಿ ಮುಟ್ಟುವವರೆಗೂ ಒಂದೇ ಹೆದರಿಕೆ: ವರದಮ್ಮ ಇನ್ನು ಮಾತೇ ಬಿಟ್ಟರೆ? ಲಂಗ ಹಾಕುತ್ತಿದ್ದ ಕಾಲದಿಂದ ಉಳಿದಿರುವವಳು ಅವಳೊಬ್ಬಳೇ. ಮಗಳು ಫೋನಿನಲ್ಲಿ ಹೇಳಿಕೊಟ್ಟ ‘ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್’ ಅನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಇಳಿಯುವಷ್ಟರಲ್ಲಿ ಅದೂ ಮರೆತುಹೋಯಿತು.

ವರದಮ್ಮ ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದಳು. ಮಗ ಗಣೇಶ, ಸೊಸೆ ಗದ್ದೆಗೆ ಹೋಗಿದ್ದರು.

"ತಪ್ಪಾಯ್ತು ಕಣೇ ವರದಿ. ನಂಗೆ ಬುದ್ಧಿಯಿಲ್ಲ. ಬೈಯಿ, ಬೇಕಾದ್ರೆ ಎರಡು ಕೊಡು."

ವರದಮ್ಮ ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. "ಏನು ಬರ್ದಿದೀಯ, ಬಿಡಿಸಿ ಹೇಳು. ಗಣೇಶನ್ನ ಕೇಳಿದ್ರೆ, ಬಿಡಮ್ಮ, ಅವರಿಗೆ ನಮ್ಮ ಪದ್ಧತಿ ತಿಳಿಯಲ್ಲ ಅಂತಾನೆ."

"ನಿನಗೂ, ನಿನ್ನ ಸಂಸಾರಕ್ಕೂ..." ಅಫ್ಸರ್ ಬೇಗಂ ಫೋನನ್ನು ಮಗುಚಿ ಜಗಲಿಯ ಮೇಲಿಟ್ಟಳು.

"ಮುಂದೆ ಹೇಳೇ."

"ಚೆನ್ನಾಗಿರು ಅಂತ, ಅಷ್ಟೇ ಕಣೇ. ಉದ್ದ ಮಾಡಿ ಬರೆಸಿದೀನಿ."

ವರದಮ್ಮ ಅಲಸಂದೆಯ ಮೊರ ಪಕ್ಕಕ್ಕೆ ಸರಿಸಿದಳು. "ಗೌರಿ ಹಬ್ಬಕ್ಕೆ ಯಾರೂ ಮಾತಾಡಿಸಲಿಲ್ಲ. ದಸರಾಕ್ಕೂ ಇಲ್ಲ. ನಂಗೆ ನೋವಾಗುತ್ತೆ ಅಂತ ಎಲ್ರೂ ಬಾಯಿ ಮುಚ್ಕೊಂಡ್ರು. ಸತ್ತೋರು ಅವರೋ ನಾನೋ ಅನ್ನೋ ಹಾಗಾಗಿತ್ತು. ನಿನ್ನೆ ಬೆಳಿಗ್ಗೆ ಫೋನು ಕೂಗ್ತು. ನಿಂದೊಂದೇ."

"ಮತ್ತೆ ಯಾಕೆ ಉತ್ತರ ಕೊಡಲಿಲ್ಲ?"

"ಬಾರೇ ಅಂತ ಬರೀಬೇಕು ಅನ್ನಿಸ್ತು. ಬರೆದ್ರೆ ಅಳು ಬರುತ್ತೆ ಅಂತ ಬಿಟ್ಟೆ."

ಗಂಡನನ್ನು ಮಣ್ಣು ಮಾಡಿದ ದಿನ ಊರವರ ಮುಂದೆ ಕಣ್ಣು ಒಣಗಿಸಿಕೊಂಡು ಕೂತಿದ್ದವಳು, ಅಷ್ಟು ಹೇಳಿ ಅಫ್ಸರ್ ಬೇಗಂಳ ತೋಳು ಹಿಡಿದುಕೊಂಡು ಜೋರಾಗಿ ಅತ್ತಳು.