ಎಂಟನೇ ಗೇಟಿನ ಜಂಬವ್ವ

ಎಮ್ಮಿಗನೂರಿನ ಜಂಬವ್ವ ಕಾಲುವೆಯ ಲಷ್ಕರ್. ಗೇಟು ಏರಿಸಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವಳ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಗಂಡ ಮೈಲಾರಲಿಂಗಪ್ಪ ಜ್ವರದಲ್ಲಿ ತೀರಿಕೊಂಡಾಗ ಎಂಟನೇ ಗೇಟಿಗೆ ಬರಲು ಯಾವ ಗಂಡಸೂ ಒಪ್ಪಲಿಲ್ಲ. ದಿನವೂ ಬುತ್ತಿ ಹೊತ್ತು ಹೋಗಿ ಆ ಗೇಟಿನ ಗುಣವೆಲ್ಲ ತಿಳಿದಿದ್ದ ಜಂಬವ್ವ ತಾನೇ ನೀರಾವರಿ ಕಚೇರಿಗೆ ಹೋಗಿ ಕೇಳಿದಳು. ದಿನಗೂಲಿ ಮೇಲೆ ತೆಗೆದುಕೊಂಡರು.

ಗಂಡಸರು ಯಾಕೆ ಒಪ್ಪಲಿಲ್ಲ ಎಂಬುದು ಮಳೆ ಕೈಕೊಟ್ಟ ವರ್ಷ ತಿಳಿಯಿತು. ಆಗಸ್ಟ್ ಕಳೆದರೂ ಬಿಸಿಲು ಇಳಿಯಲಿಲ್ಲ. ಹತ್ತು ದಿನ ಮೇಲ್ಭಾಗಕ್ಕೆ, ಹತ್ತು ದಿನ ಕೊನೆಭಾಗಕ್ಕೆ ನೀರೆಂದು ಆದೇಶವಾಯಿತು. ಹನ್ನೊಂದನೆಯ ಬೆಳಿಗ್ಗೆ ಮೇಲ್ಭಾಗದ ನೀರು ನಿಲ್ಲಿಸಲು ಅವಳು ಗೇಟು ಇಳಿಸುತ್ತಿದ್ದಾಗ ಪಕ್ಕದ ಗದ್ದೆಯ ಜಡೆಪ್ಪ ಸಲಿಕೆ ಹಿಡಿದು ಬಂದ.

"ಇನ್ನೊಂದ್ ದಿನ ಬಿಡು. ತೆನಿ ಹೊರಡೋ ಹೊತ್ತು."

"ನಿನಗ ಬಿಟ್ರ ಕೆಳಗಿನವ್ರಿಗೆ ಏನ್ ಹೇಳ್ಲಿ ಜಡೆಪ್ಪಣ್ಣ?"

ಸಲಿಕೆಯ ಕಾವು ಅವಳ ದವಡೆಗೆ ಬಿತ್ತು. ಕೆಳಗುರುಳಿದವಳ ಬೆನ್ನಿಗೆ ಇನ್ನೆರಡು. ಅವನು ಹೋದ ಮೇಲೆ ಅವಳು ಮೂರು ಹಲ್ಲು ಉಗುಳಿ, ಎದ್ದು, ಗೇಟನ್ನು ಪೂರ್ತಿ ಇಳಿಸಿದಳು. ಹಾಗೆ ಕೆಳಗೆ ಹರಿದ ನೀರನ್ನು ಒಣಗಿದ ಕಾಲುವೆ ದಾರಿಯಲ್ಲೇ ಕುಡಿದುಬಿಟ್ಟಿತು. ನೀರು ಬರಲಿಲ್ಲವೆಂದು ಕೊನೆಭಾಗದವರು ಬಂದು ಅವಳ ಮನೆಗೆ ಕಲ್ಲು ತೂರಿದರು.

ಆ ಬೇಸಿಗೆಯಲ್ಲಿ ಕಂಪ್ಲಿಯ ಸಭೆಯೊಂದರಲ್ಲಿ ಕೃಷಿ ಅಧಿಕಾರಿ ಹೇಳಿದ್ದನ್ನು ಜಂಬವ್ವ ನೆರೆಮನೆಯ ಗಾಳೆಮ್ಮನಿಗೆ ಹೇಳಿದಳು: "ಭೂಮಿ ಕಾದೈತಂತ. ಕಾದ ಗಾಳಿ ಭಾಳ ನೀರು ಕುಡೀತೈತಂತ. ತಿಂಗಳಾನುಗಟ್ಲೆ ಒಂದ್ ಹನಿ ಕೊಡಂಗಿಲ್ಲ, ಆಮ್ಯಾಲ ಒಮ್ಮೆಲೇ ಕಾರ್ತೈತಂತ."

ಮರುವರ್ಷ ಕಾರಿತು. ಸಂಡೂರಿನ ಗುಡ್ಡಗಳ ಮೇಲೆ ಎರಡು ದಿನ ಎಡೆಬಿಡದೆ ಸುರಿದ ಮಳೆ ಹಳ್ಳಗಳನ್ನು ಹಿಡಿದು ಕೆಂಪಗೆ ಇಳಿದು ಕಾಲುವೆಗೆ ನುಗ್ಗಿತು. ಮೂರನೆಯ ಮಧ್ಯಾಹ್ನ ಎಂಟನೇ ಗೇಟಿನ ಬಳಿ ಏರಿಯ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳತೊಡಗಿತು. ಏರಿಯ ಕೆಳಗೇ ಕೂಲಿಕಾರರ ಕ್ಯಾಂಪು, ಎಂಬತ್ತು ಮನೆ. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ಗೇಟೊಂದು ಪಕ್ಕದಲ್ಲೇ ಇತ್ತು. ಆದರೆ ಆ ಹಳ್ಳದ ದಂಡೆಯಲ್ಲಿ ಜಡೆಪ್ಪನ ಗದ್ದೆ. ಜಂಬವ್ವ ಕಬ್ಬಿಣದ ಹ್ಯಾಂಡಲ್ ಹಿಡಿದು ಓಡಿಬಂದಾಗ ಅವನು ಗೇಟಿಗೆ ಅಡ್ಡ ನಿಂತಿದ್ದ.

"ನಾಟಿ ಮಾಡಿ ನಾಕ್ ದಿನ ಆಗೈತಿ. ಮುಟ್ಟಬ್ಯಾಡ."

"ಏರಿ ಕುಸಿಯಾಕತ್ತೈತಿ. ಕ್ಯಾಂಪಿನಾಗ ಸಣ್ಣ ಸಣ್ಣ ಕೂಸು ಅದಾವ. ಅತ್ಲಾಗ ಸರಿ."

"ಹ್ವಾದ ವರ್ಷ ಬೇಕಂದಾಗ ಕೊಡ್ಲಿಲ್ಲ. ಈಗ ಬ್ಯಾಡಂದ್ರ ಕೊಡ್ತಿಯೇನ್?"

ಅವಳು ಮುಂದೆ ನುಗ್ಗಿದಳು. ಜಡೆಪ್ಪ ಅವಳ ಕುತ್ತಿಗೆ ಹಿಡಿದು ಕಾಲುವೆಯ ಕಡೆ ಬಗ್ಗಿಸಿದ. ಉಸಿರು ಕಟ್ಟಿತು. ಅವಳು ಹ್ಯಾಂಡಲ್ ಬೀಸಿದಳು. ಅವನ ಹೆಗಲ ಮೂಳೆ ಮುರಿದ ಸದ್ದು ಮಳೆಯಲ್ಲೂ ಕೇಳಿತು. ಹಿಡಿತ ಬಿಟ್ಟುಹೋಯಿತು. ಎರಡನೆಯ ಏಟು ಬೇಕಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಹೊಡೆದಳು, ಮುಖಕ್ಕೆ.

ಬಿದ್ದವನನ್ನು ಪಕ್ಕಕ್ಕೆಳೆದು ಗೇಟು ತಿರುವಿದಳು. ನೀರು ಹಳ್ಳಕ್ಕೆ ಹಾರಿ, ದಂಡೆ ಸೀಳಿ, ನಾಟಿಯನ್ನು ಮಣ್ಣಿನ ಸಮೇತ ಕಿತ್ತುಕೊಂಡು ಹೋಯಿತು. ಬೇಲಿಗೆ ಕಟ್ಟಿದ್ದ ಜಡೆಪ್ಪನ ಎರಡು ಎಮ್ಮೆಗಳು ಹಗ್ಗ ಜಗ್ಗಿ ಜಗ್ಗಿ ಅರಚಿ ಮುಳುಗಿದವು. ಏರಿ ಉಳಿಯಿತು.

ಕ್ಯಾಂಪಿನವರು ಜಡೆಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಎಡಗಣ್ಣು ಹೋಯಿತು. ಒಂದೇ ಏಟು ಎಂದು ಸಾಕ್ಷಿ ಹೇಳಲು ಕ್ಯಾಂಪಿನ ಹೆಂಗಸರು ಸಿದ್ಧರಿದ್ದರು. ಜಂಬವ್ವ ಠಾಣೆಗೆ ತಾನೇ ಹೋಗಿ "ಎರಡು ಹೊಡದೀನ್ರಿ" ಎಂದು ಬರೆಸಿದಳು.

ಜಾಮೀನು ಸಿಕ್ಕಿತು; ಎಂಟನೇ ಗೇಟಿಗೆ ಬೇರೆ ಯಾರೂ ಬರಲೊಪ್ಪದೆ ಕೆಲಸವೂ ಉಳಿಯಿತು. ಕೋರ್ಟಿನ ಮೊದಲ ದಿನ ಇಬ್ಬರೂ ವರಾಂಡದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರು.

"ಎಮ್ಮಿ ಕಟ್ಟಿದ್ದು ನನಗ ಕಂಡಿರ್ಲಿಲ್ಲ" ಎಂದಳು ಜಂಬವ್ವ.

"ಕಂಡಿದ್ರ?"

ಅವಳು ಯೋಚಿಸಿದಳು. "ಆದ್ರೂ ಗೇಟು ತಿರುವತಿದ್ದೆ."

ಜಡೆಪ್ಪ ಕೇಳಿದ: "ಎರಡನೇ ಏಟು ಯಾಕ?"

"ಅದು ಹ್ವಾದ ವರ್ಷದ್ದು."

ಒಳಗೆ ಕರೆದರು, ಮುಂದಿನ ತಿಂಗಳ ತಾರೀಖು ಕೊಟ್ಟರು. ಜಂಬವ್ವ ಊರ ದಾರಿಯ ಕಂಪ್ಲಿ ಬಸ್ಸು ಹತ್ತಿದಳು. ಸಂಜೆಯೊಳಗೆ ಕೊನೆಭಾಗಕ್ಕೆ ನೀರು ಬಿಡಬೇಕಿತ್ತು.